ಗಣಿತಸಾರಸಂಗ್ರಹದ ಇಬ್ಬರು ಪಥಿಕರು

ವೇಗವನ್ನು ಕಾಲದಿಂದ ಗುಣಿಸಿದರೆ ದೂರವು ದೊರೆಯುವುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆದರೆ ವೇಗವೇ ಬದಲಾಗುತ್ತಿರುವಾಗ ಯಾವ ವೇಗದಿಂದ ಗುಣಿಸತಕ್ಕದ್ದು? ಚರಿತ್ರಕಾರನಿಗೆ ಸ್ವಾರಸ್ಯವಿರುವುದು ಈ ಪ್ರಶ್ನೆಯಲ್ಲಿ.

ಮಹಾವೀರಾಚಾರ್ಯನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿಯೇ ಕೊಂಡಾಡಿ, ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಎಂ. ರಂಗಾಚಾರ್ಯರು ಇದನ್ನು 1912ರಲ್ಲಿ ಮದರಾಸಿನಿಂದ ಆಂಗ್ಲ ಅನುವಾದದೊಡನೆ ಪ್ರಕಟಿಸಿದರು. ಇದರ ಮಿಶ್ರಕವ್ಯವಹಾರ ಪ್ರಕರಣದಲ್ಲಿ ಒಂದು ಸೂತ್ರವಿದೆ. ಒಬ್ಬ ಪಥಿಕನದು ಸ್ಥಿರಗತಿ. ಮತ್ತೊಬ್ಬನ ಗತಿ ದಿನದಿನಕ್ಕೂ ಸಮಾನವಾಗಿ ಹೆಚ್ಚತಕ್ಕದ್ದು. ಒಂದೇ ಸ್ಥಳದಿಂದ ಹೊರಟ ಇವರು ಪುನಃ ಎಂದು ಕೂಡುವರು? ಸ್ಥಿರಗತಿಯಲ್ಲಿ ಆದಿಗತಿಯನ್ನು ಕಳೆದು, ಚಯದ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸಬೇಕೆಂದು ಆಚಾರ್ಯನ ವಿಧಿ.

ನಾವೇ ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬನು ದಿನಕ್ಕೆ 5 ಹರದಾರಿ ನಡೆಯಲಿ. ಇನ್ನೊಬ್ಬನು ಮೊದಲ ದಿನ 2 ಹರದಾರಿ ನಡೆದು ದಿನಕ್ಕೊಂದರಂತೆ ಹೆಚ್ಚಿಸಲಿ. 3ನ್ನು ಅರ್ಧದಿಂದ ಭಾಗಿಸಿದರೆ 6. ಒಂದು ಕೂಡಿದರೆ 7 ದಿನ. ಇಬ್ಬರೂ ನಡೆದದ್ದು 35 ಹರದಾರಿ. ನಡುವಿನ ನಾಲ್ಕನೆಯ ದಿನ ಇಬ್ಬರ ವೇಗವೂ 5 ಆಗಿರುವುದನ್ನು ಓದುಗರು ಗಮನಿಸಬೇಕು. ಸರಾಸರಿ ವೇಗದ ತತ್ತ್ವವು ಇಲ್ಲಿ ಅಡಗಿದೆ.

ಇಷ್ಟರಿಂದ ಮಹಾವೀರನು ಗೆಲಿಲಿಯೋಗಿಂತ ಮೊದಲೇ ವೇಗೋತ್ಕರ್ಷವನ್ನು ಕಂಡುಹಿಡಿದನೆಂದು ಹೇಳಬಹುದೆ? ಅಭಿಮಾನವು ಹೌದೆಂದೀತು, ಸೂತ್ರದ ಕಡೆಯ 'ಒಂದು' ಅದಕ್ಕೆ ಒಪ್ಪುವುದಿಲ್ಲ. ವೇಗವು ಕ್ಷಣಕ್ಷಣಕ್ಕೂ ಎಡೆಬಿಡದೆ ಏರುವುದಾದರೆ ಮೇಲಿನ ಪಥಿಕರು 6 ದಿನಗಳಲ್ಲಿಯೇ, 30 ಹರದಾರಿಯಲ್ಲಿ ಕೂಡುತ್ತಾರೆ. ಏರಿಕೆ ದಿನಕ್ಕೊಮ್ಮೆ ಮಾತ್ರ ಆಗುವುದರಿಂದಲೇ ಆ ಒಂದು ಬೇಕಾಯಿತು. ಇದು ಶ್ರೇಢೀಗಣಿತ, ಚಲನಶಾಸ್ತ್ರವಲ್ಲ. ಅಲ್ಲದೆ ಇಂಥದೇ ವಿಧಿಯು ಬಖಶಾಲಿ ಹಸ್ತಪ್ರತಿಯಲ್ಲಿಯೂ ಉಂಟು.

ಎಡೆಬಿಡದ ಏರಿಕೆಯನ್ನು ವಿಚಾರಿಸಿದವರು ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು. ಅವರಲ್ಲಿ ಹೇಟ್ಸ್‌ಬರಿಯ ಗ್ರಂಥ 1335ರದು. ಪ್ಯಾರಿಸಿನ ಒರೆಮ್ ಅದೇ ಶತಮಾನದಲ್ಲಿ ಅದನ್ನು ರೇಖಾಚಿತ್ರದಿಂದ ಸಾಧಿಸಿದನು. ಬೀಳುವ ವಸ್ತುವಿಗೆ ಅದನ್ನು ಅನ್ವಯಿಸಿದ ಗೆಲಿಲಿಯೋನ ಗ್ರಂಥ 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾಯಿತು.

ಅಧ್ಯಾಪಕರು ತರಗತಿಯಲ್ಲಿ ಪರೀಕ್ಷಿಸಬಹುದಾದ ಮತ್ತೊಂದು ಅಂಶವಿದೆ. ಮೇಲಿನ ಲೆಕ್ಕದಲ್ಲಿ ಚಯವನ್ನು 4 ಮಾಡಿದರೆ ಸೂತ್ರವು ಎರಡೂವರೆ ದಿನವೆನ್ನುತ್ತದೆ. ಹೆಜ್ಜೆಯಿಟ್ಟು ಎಣಿಸಿದರೆ, ಎರಡು ದಿನಗಳ ಕೊನೆಗೆ ಹಿಂದಿನವನು 2 ಹರದಾರಿ ಹಿಂದಿರುತ್ತಾನೆ. ಮೂರನೆಯ ದಿನ 10ರ ವೇಗದಿಂದ ನಡೆದು, ದಿನದ ಐದನೆಯ ಎರಡು ಪಾಲು ಕಳೆಯುವಷ್ಟರಲ್ಲಿ ಮುಂದಿನವನನ್ನು ಕೂಡಿಕೊಳ್ಳುತ್ತಾನೆ. ಉತ್ತರವು ಪೂರ್ಣಸಂಖ್ಯೆಯಾಗಿರುವವರೆಗೆ ಮಾತ್ರ ಸೂತ್ರವೂ ನಡಿಗೆಯೂ ಒಂದೇ.