ಕುಸಿದ ಮನೆ, ಎರಡು ವರ್ಷದ ಗಡುವು: ವಸತಿ ಕಟ್ಟಡ ದುರಂತಗಳಲ್ಲಿ ಹೊಣೆಗಾರಿಕೆಯ ಪ್ರಶ್ನೆ

ಕಟ್ಟಡ ಕುಸಿದು ಜೀವಹಾನಿಯಾದಾಗ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ಯಾರಿಗೆ ಶಿಕ್ಷೆಯಾಗಬೇಕು ಎಂಬುದು. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಗಂಗಾರಾಮ್ ಕಟ್ಟಡ ಉರುಳಿತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡಗಳು ನೆಲಕಚ್ಚಿದವು. ಇಂಥ ಪ್ರತಿ ದುರಂತದ ನಂತರವೂ ಬಂಧನ, ಅಮಾನತುಗಳ ಸುದ್ದಿಯ ನಡುವೆ ಸತ್ತವರ ಕುಟುಂಬಕ್ಕೆ ಕಾನೂನುಬದ್ಧವಾಗಿ ಸಲ್ಲಬೇಕಾದದ್ದೇನು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಸರ್ಕಾರ ಘೋಷಿಸುವ ಪರಿಹಾರಧನ ಸಹಾನುಭೂತಿಯಿಂದ ಕೊಡುವಂಥದ್ದು. ತಪ್ಪಿತಸ್ಥನ ಸಾಲ ಅದರಿಂದ ತೀರುವುದಿಲ್ಲ.

ದಂಡ ಕಾನೂನಿಗೆ ಇಲ್ಲಿ ಒಂದು ಸಹಜ ಮಿತಿಯಿದೆ. ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ 304ಎ ಅಡಿ ನಿರ್ಲಕ್ಷ್ಯದ ಸಾವಿಗೆ ಗರಿಷ್ಠ 2 ವರ್ಷ ಸಜೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 106 ಅದನ್ನು 5 ವರ್ಷಕ್ಕೆ ಏರಿಸಿದೆ. ಕಟ್ಟಡ ಕೆಡವುವಾಗ ಅಥವಾ ದುರಸ್ತಿ ಮಾಡುವಾಗಿನ ಅಜಾಗರೂಕತೆಯನ್ನಷ್ಟೇ ಹಿಡಿಯುತ್ತಿದ್ದ ಹಳೆಯ ಕಲಂ 288ರ ಜಾಗದಲ್ಲಿ ಬಂದ ಕಲಂ 290, ಕಟ್ಟುವ ಕೆಲಸವನ್ನೂ ಸೇರಿಸಿಕೊಂಡಿದೆ. ಇಷ್ಟಾದರೂ ಸಾವಿನ ಆರೋಪ ಸಾಬೀತಾಗಲು ಕೃತ್ಯಕ್ಕೂ ಸಾವಿಗೂ ನೇರ ಸಂಬಂಧ ತೋರಿಸಲೇಬೇಕು. ಕುರ್ಬಾನ್ ಹುಸೇನ್ ಪ್ರಕರಣದಲ್ಲಿ (1965) ಸುಪ್ರೀಂ ಕೋರ್ಟ್ ಲೈಸೆನ್ಸಿನ ಷರತ್ತು ಮುರಿದ ಮಾತ್ರಕ್ಕೆ ಬಣ್ಣದ ಕಾರ್ಖಾನೆಯ ಬೆಂಕಿಯಲ್ಲಿ ಸತ್ತವರ ಸಾವಿನ ಅಪರಾಧವನ್ನು ಮಾಲೀಕನ ಮೇಲೆ ಹೊರಿಸಲಾಗದು ಎಂದಿತು. ಮಂಜೂರಾದ ನಕ್ಷೆ ಮೀರಿ ಎರಡು ಮಹಡಿ ಏರಿಸಿದವನ ವಕೀಲನಿಗೆ ಈ ತೀರ್ಪು ದೊಡ್ಡ ಆಸರೆ. ಮಾಲೀಕ ಮೇಸ್ತ್ರಿಯತ್ತ, ಮೇಸ್ತ್ರಿ ಕಬ್ಬಿಣ ಕಟ್ಟಿದವರತ್ತ ಕೈ ತೋರಿಸುತ್ತಾರೆ. ನಕ್ಷೆಗೆ ಸಹಿ ಹಾಕಿದ ಎಂಜಿನಿಯರು ತಾನು ಸೈಟಿಗೇ ಹೋಗಿರಲಿಲ್ಲ ಎನ್ನಬಹುದು.

ಸಿವಿಲ್ ಹೊಣೆಗಾರಿಕೆಯ ದಾರಿ ಬೇರೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಸತ್ತವರ ವಾರಸುದಾರರು ಹೂಡಿದ ದಾವೆಗಳಲ್ಲಿ, ಅಂದರೆ ಸುಭಗವಂತಿ ಪ್ರಕರಣದಲ್ಲಿ (1966), ಸುಪ್ರೀಂ ಕೋರ್ಟ್ ನಗರಸಭೆಯನ್ನೇ ಹೊಣೆಯಾಗಿಸಿತು. ಗೋಪುರಕ್ಕೆ ಸುಮಾರು 80 ವರ್ಷವಾಗಿತ್ತು. ಅದಕ್ಕೆ ಬಳಸಿದ್ದ ಗಾರೆಯ ಆಯುಷ್ಯ 40–45 ವರ್ಷವೆಂಬುದು ಸಾಕ್ಷ್ಯದಲ್ಲೇ ಬಂದಿತ್ತು. ತಜ್ಞರಿಂದ ತಪಾಸಣೆ ಮಾಡಿಸಿದ್ದಕ್ಕೆ ಪುರಾವೆ ಇರಲಿಲ್ಲ. ಕಟ್ಟಡ ಕುಸಿದದ್ದೇ ನಿರ್ಲಕ್ಷ್ಯವನ್ನು ಸೂಚಿಸುತ್ತದೆ, ದೋಷ ಕಣ್ಣಿಗೆ ಕಾಣುತ್ತಿರಲಿಲ್ಲ ಎಂಬುದು ರಕ್ಷಣೆಯಾಗದು ಎಂದು ನ್ಯಾಯಾಲಯ ಹೇಳಿತು. ಆ ತೀರ್ಪು ಸಾರ್ವಜನಿಕ ರಸ್ತೆಯ ಪಕ್ಕದ ಕಟ್ಟಡದ ಬಗ್ಗೆ ಬಂದದ್ದು ನಿಜ. ಆದರೆ ಸುಸ್ಥಿತಿಯ ಕಟ್ಟಡ ತಾನಾಗಿ ಬೀಳುವುದಿಲ್ಲವೆಂಬ ತರ್ಕ ಬಾಡಿಗೆದಾರನ ವಿಷಯದಲ್ಲಿ ದುರ್ಬಲವಾಗಲು ಕಾರಣವಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 108 ಕೂಡ ತನಗೆ ತಿಳಿದಿದ್ದು ಬಾಡಿಗೆದಾರನಿಗೆ ಕಾಣದ ದೋಷವನ್ನು ಮಾಲೀಕ ತಿಳಿಸಬೇಕೆನ್ನುತ್ತದೆ.

ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಇದೆಯಲ್ಲ ಎನ್ನುವವರುಂಟು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಾಣುವ ರಚನಾ ದೋಷವನ್ನು 30 ದಿನದಲ್ಲಿ ಸರಿಪಡಿಸಬೇಕೆಂಬ ಕಲಂ 14 ಮನೆ ಕೊಂಡವನಿಗೆ ಒಳ್ಳೆಯ ಆಯುಧ. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ 8 ಫ್ಲ್ಯಾಟ್ ಮೀರದ ಯೋಜನೆಗೆ ನೋಂದಣಿಯೇ ಬೇಕಿಲ್ಲ. 30×40 ಸೈಟೆಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ ಐದು ಮಹಡಿ ಎಬ್ಬಿಸಿ ಬಾಡಿಗೆಗೋ ಪಿ.ಜಿ.ಗೋ ಕೊಟ್ಟವನು ಮಾರಾಟವನ್ನೂ ಮಾಡಿಲ್ಲವಾದ್ದರಿಂದ ಈ ಕಾಯ್ದೆಯ ಕೈಗೆ ಸಿಗುವುದಿಲ್ಲ. ಅಪಾಯ ಹೆಚ್ಚಿರುವ ಕಡೆಯೇ ಕಾನೂನು ತೆಳುವಾಗಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಸಾಕ್ಷ್ಯದ ಮಾತು. ಜೆಸಿಬಿ ಅವಶೇಷ ಎತ್ತುವಾಗ ಜೀವ ಉಳಿಸುವುದೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಲ್ಲರಿನ ಬುಡದ ತುಂಡು, ಅದರೊಳಗಿನ ಕಬ್ಬಿಣದ ದಪ್ಪ, ರಿಂಗುಗಳ ಅಂತರ, ಕಾಂಕ್ರೀಟಿನ ಮಾದರಿ ಇವೆಲ್ಲ ಅದೇ ಲಾರಿಯಲ್ಲಿ ಹೊರಟುಹೋದರೆ ಸಂತ್ರಸ್ತರ ಕೈಯಲ್ಲಿ ಉಳಿಯುವುದು ಫೋಟೋ ಮಾತ್ರ. ರಕ್ಷಣಾ ಕಾರ್ಯ ಮುಗಿದ ಕೂಡಲೇ ಎಂಜಿನಿಯರಿಂಗ್ ತಜ್ಞರ ಸಮ್ಮುಖದಲ್ಲಿ ಮಹಜರು ನಡೆಸಿ, ಮಾದರಿಗಳನ್ನು ಮೊಹರು ಮಾಡಿ ಇಡುವುದು ಕಡ್ಡಾಯವಾಗಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಕಾಲದ ಗಡುವು. ಸಾವಿಗೆ ಕಾರಣನಾದವನಿಂದ ಪತಿ, ಪತ್ನಿ, ತಂದೆತಾಯಿ, ಮಕ್ಕಳಿಗಾಗಿ ನಷ್ಟಪರಿಹಾರ ಕೇಳುವ ಹಕ್ಕನ್ನು 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆ ಕೊಟ್ಟಿದೆ. ಆದರೆ 1963ರ ಕಾಲಮಿತಿ ಕಾಯ್ದೆಯ 82ನೇ ಅನುಚ್ಛೇದದ ಪ್ರಕಾರ ಸಾವಿನ ದಿನದಿಂದ 2 ವರ್ಷದೊಳಗೆ ದಾವೆ ಹೂಡಬೇಕು. ಕ್ರಿಮಿನಲ್ ಕೇಸು ಮುಗಿಯಲಿ, ಆಮೇಲೆ ನೋಡೋಣ ಎಂದು ಕಾದು ಕುಳಿತ ಕುಟುಂಬಕ್ಕೆ ಆ ಬಾಗಿಲು ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಕೂಲಿ ಅರಸಿ ಬೇರೆ ರಾಜ್ಯದಿಂದ ಬಂದು ಇಲ್ಲಿ ಸತ್ತವನ ಹೆಂಡತಿಗೆ ಈ ಗಡುವಿನ ಸುದ್ದಿ ಮುಟ್ಟಿಸುವವರು ಯಾರು?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12 ಸಾಮೂಹಿಕ ದುರಂತದ ಸಂತ್ರಸ್ತರಿಗೆ ಉಚಿತ ಕಾನೂನು ನೆರವಿನ ಹಕ್ಕು ಕೊಟ್ಟಿದೆ. ಕಟ್ಟಡ ಕುಸಿದ ಮೊದಲ ವಾರದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಪ್ರತಿ ಮೃತನ ಮನೆಯವರನ್ನೂ ಅವರ ಭಾಷೆ ಬಲ್ಲವರ ಮೂಲಕ ಸಂಪರ್ಕಿಸಿ, ವಕೀಲರನ್ನು ನೇಮಿಸಿ, ದಾವೆಯ ಕಡತ ತೆರೆಯಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ; ರಾಜ್ಯ ಪ್ರಾಧಿಕಾರದ ಒಂದು ಸುತ್ತೋಲೆ ಸಾಕು, ಅದನ್ನು ತಡಮಾಡದೆ ಹೊರಡಿಸಬೇಕು.