ಎಡೆದೊರೆ ನಾಡಿನ ಶಿಕ್ಷಕರು ಮತ್ತು ಗಡಿಯಾಚೆಯ ಕಲಿಕೆ

ತರಬೇತಿಯಲ್ಲಿರುವ ಶಿಕ್ಷಕರು ಕೆಲಕಾಲ ಪರನಾಡಿನ ಶಾಲೆಗಳಲ್ಲಿದ್ದು, ಅಲ್ಲಿನ ನುಡಿ, ನಡೆ, ಪಾಠಕ್ರಮಗಳನ್ನು ಅರಿತು ಬರುವುದನ್ನು ಅಂತರ್‌ಸಾಂಸ್ಕೃತಿಕ ಕಲಿಕೆ ಎನ್ನುತ್ತಾರೆ. ಯುರೋಪಿನಲ್ಲಿ 1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆ ಇಂತಹ ಪ್ರವಾಸಗಳಿಗೆ ಬಲ ನೀಡಿತು. ಕೃಷ್ಣೆ, ತುಂಗಭದ್ರೆಗಳ ನಡುವೆ ಇರುವುದರಿಂದ ಶಾಸನಗಳಲ್ಲಿ ಎಡೆದೊರೆ ಎನಿಸಿಕೊಂಡ ರಾಯಚೂರು ಸೀಮೆಯಲ್ಲಾದರೋ, ಪರನುಡಿಯೇ ಶಾಲೆಯ ಬಾಗಿಲಿಗೆ ಬಂದು ನಿಂತಿತ್ತು.

ಈ ಸೀಮೆಯ ಕಲಿಕೆಗೂ ಸಂಚಾರಕ್ಕೂ ಇರುವ ನಂಟು ಹಳೆಯದು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಎಂಬ ಹರಿದಾಸರು ಊರೂರು ಸಂಚರಿಸಿ ಬೋಧಿಸಿದರು; ಅವರ ಪರಂಪರೆಗೆ ಸೇರಿದ ಬ್ಯಾಗವಾಟದ ಜಗನ್ನಾಥದಾಸರು ಸಂಸ್ಕೃತದಲ್ಲಿ ಪಡೆದ ಪಾಂಡಿತ್ಯವನ್ನು ಹರಿಕಥಾಮೃತಸಾರದಲ್ಲಿ ಜನರ ಕನ್ನಡಕ್ಕೆ ಇಳಿಸಿದರು.

ರಾಯಚೂರು ಆಗ ಸೇರಿದ್ದ ನಿಜಾಮರ ಹೈದರಾಬಾದ್ ರಾಜ್ಯದಲ್ಲಿ 1884ರ ಸುಮಾರಿಗೆ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವನ್ನೇ ಬೋಧನಾ ಮಾಧ್ಯಮವಾಗಿ ಸ್ವೀಕರಿಸಿದ್ದರಿಂದ ಮೇಲಿನ ತರಗತಿಗಳಲ್ಲಿ ಆ ನುಡಿಯೇ ಪ್ರಧಾನವಾಯಿತು. ಉರ್ದು ಪಾಠದಲ್ಲಿ ಶಿಕ್ಷಕ ‘ಮುದರ್ರಿಸ್’; ಕೂಡುವುದು ‘ಜಮಾ’, ಕಳೆಯುವುದು ‘ತಫ್ರೀಕ್’, ಗುಣಿಸುವುದು ‘ಜರ್ಬ್’, ಭಾಗಿಸುವುದು ‘ತಕ್ಸೀಮ್’. ಮನೆಯಲ್ಲಿ ಕನ್ನಡದಲ್ಲಿ ಎಣಿಸುತ್ತಿದ್ದ ಮಗುವಿಗೆ ಲೆಕ್ಕ ತಿಳಿದಿದ್ದರೂ ಲೆಕ್ಕದ ಮಾತು ತಿಳಿಯದೆ ಹೋಗುವ ಕಷ್ಟವಿತ್ತು. ಎರಡು ನುಡಿಗಳ ನಡುವಿನ ಈ ಅಂತರವನ್ನು ತುಂಬುವ ಹೊಣೆ ಶಿಕ್ಷಕನದೇ ಆಗಿತ್ತು.

ಮಂಗಳೂರಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ವೈದ್ಯಶಿಕ್ಷಣ ಪಡೆದ ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಕಟ್ಟಿದ ‘ಹಮ್‌ದರ್ದ್’ ಶಾಲೆಯ ಹೆಸರಿನಲ್ಲಿಯೇ ಈ ಹೊಣೆಯ ಅರಿವಿದೆ. ಪಾರಸಿಯಲ್ಲಿ ‘ಹಮ್’ ಎಂದರೆ ಜೊತೆ, ‘ದರ್ದ್’ ಎಂದರೆ ನೋವು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವರು. ಕರಾವಳಿಯಿಂದ ಬಂದವರೊಬ್ಬರು ಕನ್ನಡ ನೆಲದ ಶಾಲೆಗೆ ಆಳುವವರ ನುಡಿಯ ಈ ಪದವನ್ನು ಇಟ್ಟಾಗ, ಅದು ಅಧಿಕಾರದ ಪದವಾಗಿ ಉಳಿಯದೆ ನೆರೆಹೊರೆಯ ಪದವಾಯಿತು.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ ದುಡಿದವರು. ಮುಂಬಯಿ ಮತ್ತು ಮದರಾಸಿನ ರೈಲು ಮಾರ್ಗಗಳು 1871ರಲ್ಲಿಯೇ ಈ ಊರಿನಲ್ಲಿ ಕೂಡಿದ್ದವಾದರೂ, ಸಮ್ಮೇಳನಕ್ಕೆಂದು ಹೊರಗಿನಿಂದ ಇಲ್ಲಿಗೆ ಬಂದವರು ಹಾಲಿ ಸಿಕ್ಕಾ ಎಂಬ ಬೇರೆ ನಾಣ್ಯ, ಬೇರೆ ಅಂಚೆಚೀಟಿ, ಕರೋಡಗಿರಿ ಎಂಬ ಸುಂಕದ ಇಲಾಖೆಯುಳ್ಳ ಬೇರೊಂದು ರಾಜ್ಯವನ್ನೇ ಪ್ರವೇಶಿಸುತ್ತಿದ್ದರು. ಕೆಲವೇ ದಿನಗಳ ಇಂತಹ ಭೇಟಿಯೂ ಒಂದೇ ನುಡಿಯ ಜನ ಎಷ್ಟು ಬಗೆಯ ಆಡಳಿತಗಳಲ್ಲಿ ಬಾಳುತ್ತಿದ್ದಾರೆಂಬುದನ್ನು ಕಣ್ಣಿಗೆ ಕಾಣಿಸುವಂತಿತ್ತು.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳು ಕನ್ನಡದ ಮಕ್ಕಳೊಡನೆ ಇಲ್ಲಿ ಇಂದಿಗೂ ಬೆಳೆಯುತ್ತಿದ್ದಾರೆ. ಪರದೇಶಕ್ಕೆ ಹೋದ ಶಿಕ್ಷಕನಿಗೆ ಅಲ್ಲಿ ಮಾತು ತಿಳಿಯದೆ ತಡವರಿಸಿದ ಗಳಿಗೆಯೇ ದೊಡ್ಡ ಪಾಠ. ಆ ತಡವರಿಕೆಯನ್ನು ಮರೆಯದೆ ಮರಳಿದವನು ದೇವದುರ್ಗದ ತರಗತಿಯ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಮಗುವನ್ನು ದಡ್ಡನೆಂದು ತಿಳಿಯದೆ, ಅದರ ಮನೆಮಾತು ಯಾವುದೆಂದು ಮೊದಲು ಕೇಳುತ್ತಾನೆ.