ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕ್: ಶಾಖದಿಂದ ರಕ್ಷಣೆ ಹೇಗೆ?

‘ಬಡವರ ಊಟಿ’ ಎಂದು ಹೆಸರಾದ ಹಾಸನದಲ್ಲಿಯೂ ಬೇಸಿಗೆಯ ಬಿಸಿಲು ಹಳೆಯ ಕಾರುಗಳ ಪಾಲಿಗೆ ಪರೀಕ್ಷೆಯ ಕಾಲ. ಚನ್ನರಾಯಪಟ್ಟಣದ ಬಯಲಿನಲ್ಲಾಗಲಿ, ಹೊಳೆನರಸೀಪುರದ ಪೇಟೆಯ ದಟ್ಟಣೆಯಲ್ಲಾಗಲಿ, ಅರಕಲಗೂಡಿನ ಏರುತಗ್ಗಿನ ದಾರಿಯಲ್ಲಾಗಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಅಥವಾ ಪೆಟ್ರೋಲ್ ಜೀಪು ಮುಗ್ಗರಿಸಿ ನಿಲ್ಲುವುದು ಹೊಸತಲ್ಲ. ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ತುಸು ಹೊತ್ತು ಕಾದು ಹೊರಡುವುದು ಹಳೆಯ ಚಾಲಕರ ಪರಿಪಾಠ. ಆದರೆ ಅದು ತಾತ್ಕಾಲಿಕ ಉಪಾಯ ಮಾತ್ರ. ಶಾಖ ಎಲ್ಲಿಂದ ಬರುತ್ತಿದೆ ಎಂಬುದನ್ನು ಅರಿತು ಅಲ್ಲಿಯೇ ತಡೆಯುವುದು ಶಾಶ್ವತ ಪರಿಹಾರ. ಟ್ಯಾಂಕಿಗೆ ಹೊದಿಕೆ ಸುತ್ತುವುದಕ್ಕಿಂತ, ಟ್ಯಾಂಕಿಗೂ ಶಾಖದ ಮೂಲಕ್ಕೂ ನಡುವೆ ಗಾಳಿಯಾಡುವ ತಗಡನ್ನು ನಿಲ್ಲಿಸುವುದೇ ಸರಿಯಾದ ಕ್ರಮ.

ಪೆಟ್ರೋಲಿನ ಸ್ವಭಾವ

ಪೆಟ್ರೋಲು ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಇದರ ಹಗುರವಾದ ಭಾಗ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯಲಾರಂಭಿಸುತ್ತದೆ. ಭಾರವಾದ ಭಾಗಕ್ಕೆ 200 ಡಿಗ್ರಿಯಷ್ಟು ಬೇಕು. ಸಮುದ್ರಮಟ್ಟದಿಂದ 950 ಮೀಟರ್‌ಗಳಷ್ಟು ಎತ್ತರದಲ್ಲಿರುವ ಹಾಸನದಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆ. ಆದ್ದರಿಂದ ಇಲ್ಲಿ ಪೆಟ್ರೋಲು ಕರಾವಳಿಗಿಂತ ಸುಲಭವಾಗಿ ಆವಿಯಾಗುತ್ತದೆ. ಕೊಳವೆಯಲ್ಲಿ ಆವಿ ಸೇರಿಕೊಂಡರೆ ಪಂಪು ದ್ರವವನ್ನು ಎಳೆಯಲಾರದು. ಇದನ್ನೇ ಮೆಕ್ಯಾನಿಕ್‌ಗಳು ವೇಪರ್ ಲಾಕ್ ಎನ್ನುತ್ತಾರೆ. ಶಿರಾಡಿ ಘಾಟಿಯ ಏರಿನಲ್ಲಿ ಕೆಳಗಿನ ಗೇರಿನಲ್ಲಿ ಸಾಗುವಾಗ, ಅಥವಾ ಮದುವೆಯ ಮೆರವಣಿಗೆಯಲ್ಲಿ ತೆವಳುವಾಗ, ಎಂಜಿನ್ ಕಾದಿರುತ್ತದೆ. ತಂಪುಗೊಳಿಸುವ ಗಾಳಿ ಮಾತ್ರ ಇರುವುದಿಲ್ಲ. ಡೀಸೆಲ್ ವಾಹನಗಳಿಗೆ ಈ ಕಾಟ ಅಷ್ಟಾಗಿ ಇಲ್ಲ.

ಇನ್ನೂ ಗಂಭೀರವಾದುದು ಬೆಂಕಿಯ ಭಯ. ಪೆಟ್ರೋಲಿನ ಆವಿ ಶೂನ್ಯಕ್ಕಿಂತ ಬಹಳ ಕಡಿಮೆ ಉಷ್ಣತೆಯಲ್ಲಿಯೂ ಕಿಡಿ ತಗುಲಿದೊಡನೆ ಹತ್ತಿಕೊಳ್ಳುತ್ತದೆ. ಎಂಜಿನ್ನಿಗೆ ಅಂಟಿಕೊಂಡ ಹೊಗೆಕೊಳವೆಯ ಭಾಗ ಹಲವು ನೂರು ಡಿಗ್ರಿ ಕಾಯುತ್ತದೆ. ಹೀಗಾಗಿ ಸೋರುವ ಟ್ಯಾಂಕಿಗೆ ಎಷ್ಟು ತಗಡು ಅಳವಡಿಸಿದರೂ ರಕ್ಷಣೆ ದೊರೆಯದು. ಸೋರಿಕೆ ನಿಲ್ಲಿಸುವುದೇ ಮೊದಲ ಕೆಲಸ.

ಮೊದಲು ಪರೀಕ್ಷೆ

ಕಾರು ನಿಂತಾಗಲೆಲ್ಲ ಟ್ಯಾಂಕನ್ನೇ ದೂರುವುದು ಸರಿಯಲ್ಲ. ಹಳೆಯ ಕಾರುಗಳ ಟ್ಯಾಂಕು ಮುಚ್ಚಳದ ಸಣ್ಣ ರಂಧ್ರದಿಂದ ಅಥವಾ ಬೇರೆ ಕೊಳವೆಯಿಂದ ಉಸಿರಾಡುತ್ತದೆ. ಅದು ಕಟ್ಟಿಕೊಂಡರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲು ಹರಿಯದು. ಎಂಜಿನ್ ನಿಲ್ಲಿಸಿ ಮುಚ್ಚಳ ತೆರೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಿ, ಬಳಿಕ ಕಾರು ಸರಾಗವಾಗಿ ಓಡಿದರೆ ದೋಷ ಮುಚ್ಚಳದಲ್ಲಿದೆ ಎಂದರ್ಥ.

ಅನಂತರ ಪೆಟ್ರೋಲ್ ಕೊಳವೆಯ ದಾರಿಯನ್ನು ನೋಡಬೇಕು. ಹಲವು ಬಾರಿ ರಿಪೇರಿಯಾದ ಕಾರುಗಳಲ್ಲಿ ಅದು ಸೈಲೆನ್ಸರಿಗೆ ತಗುಲಿಕೊಂಡೇ ಸಾಗಿರುವುದುಂಟು. ಅದನ್ನು ನಾಲ್ಕು ಬೆರಳಿನಷ್ಟಾದರೂ ದೂರಕ್ಕೆ ಸರಿಸಿ ಕ್ಲಾಂಪ್ ಹಾಕಬೇಕು. ಕಾರ್ಬ್ಯುರೇಟರಿನ ಕೆಳಗಿನ ಶಾಖನಿರೋಧಕ ಬಿಲ್ಲೆ ಸ್ವಸ್ಥಾನದಲ್ಲಿದೆಯೇ, ಸೈಲೆನ್ಸರ್ ತೂತಾಗಿ ಬಿಸಿ ಹೊಗೆ ಟ್ಯಾಂಕಿನತ್ತ ಹಾಯುತ್ತಿದೆಯೇ ಎಂಬುದನ್ನೂ ಪರಿಶೀಲಿಸತಕ್ಕದ್ದು.

ತಗಡಿನ ತಡೆ

ಅಂಬಾಸಿಡರಿನಲ್ಲಿ ಟ್ಯಾಂಕು ಹಿಂಭಾಗದಲ್ಲಿದೆ. ಹೊಗೆಕೊಳವೆಯೂ ಹಿಂದಕ್ಕೇ ಸಾಗುತ್ತದೆ. ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಟ್ಯಾಂಕು ಸೀಟಿನ ಕೆಳಗೇ ಇರುವುದರಿಂದ ಎಚ್ಚರಿಕೆ ಇಮ್ಮಡಿಯಾಗಿರಬೇಕು. ತಡೆಯ ಕೆಲಸಕ್ಕೆ ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಸಾಕು. ಹೊಳಪಿನ ಅಲ್ಯೂಮಿನಿಯಂ ತನ್ನ ಮೇಲೆ ಬೀಳುವ ಶಾಖಕಿರಣಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಹಿಂದಿರುಗಿಸುತ್ತದೆ. ಹೊಗೆಕೊಳವೆಗೆ ತೀರ ಸಮೀಪದಲ್ಲಿ ಮತ್ತು ಮಳೆ ಹೆಚ್ಚಿರುವ ಕಡೆಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಮೇಲು.

ಅಳವಡಿಸುವಾಗ ಗಮನಿಸಬೇಕಾದ ಅಂಶಗಳು:

1. ತಗಡು ಟ್ಯಾಂಕನ್ನಾಗಲಿ ಹೊಗೆಕೊಳವೆಯನ್ನಾಗಲಿ ಮುಟ್ಟಬಾರದು. ಎರಡೂ ಕಡೆ ಅರ್ಧದಿಂದ ಒಂದು ಅಂಗುಲದಷ್ಟು ತೆರವಿರಲಿ. ಶಾಖವನ್ನು ಕೊಂಡೊಯ್ಯುವುದು ಈ ತೆರವಿನಲ್ಲಿ ಹರಿಯುವ ಗಾಳಿಯೇ.

2. ಹೊಳೆಯುವ ಮುಖ ಹೊಗೆಕೊಳವೆಯ ಕಡೆಗಿರಲಿ. ಅದಕ್ಕೆ ಕಪ್ಪು ಬಣ್ಣ ಬಳಿಯಬಾರದು. ಕೆಸರು ಮೆತ್ತಿಕೊಂಡರೆ ಗುಣ ಕುಂದುವುದರಿಂದ ಆಗಾಗ ತೊಳೆಯಬೇಕು.

3. ತಗಡನ್ನು ಚಾಸಿಸ್ಸಿಗೆ ಬೋಲ್ಟಿನಿಂದ ಬಿಗಿಯಬೇಕು. ಟ್ಯಾಂಕಿಗೆ ರಂಧ್ರ ಕೊರೆಯುವುದು, ಟ್ಯಾಂಕು ಇರುವಾಗ ಸಮೀಪದಲ್ಲಿ ವೆಲ್ಡಿಂಗ್ ಮಾಡುವುದು ಪ್ರಾಣಾಪಾಯಕರ. ಖಾಲಿಯಾದ ಟ್ಯಾಂಕಿನಲ್ಲಿಯೂ ಆವಿ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು.

4. ನೀರು ನಿಲ್ಲದಂತೆ ತಗಡಿನ ಅಂಚು ಇಳಿಜಾರಾಗಿರಲಿ.

ಮಾಡಬಾರದ ಕೆಲಸಗಳು

ಟ್ಯಾಂಕಿಗೆ ನೇರವಾಗಿ ಗ್ಲಾಸ್‌ವುಲ್ ಅಥವಾ ಬಟ್ಟೆ ಸುತ್ತುವುದು ಅಪಾಯಕ್ಕೆ ಆಹ್ವಾನ. ಮಳೆಯ ನೀರು ಒಳಗೇ ಉಳಿದು ಉಕ್ಕು ತುಕ್ಕು ಹಿಡಿಯುತ್ತದೆ. ಸೋರಿದ ಪೆಟ್ರೋಲನ್ನು ಹೊದಿಕೆ ದೀಪದ ಬತ್ತಿಯಂತೆ ಹೀರಿಕೊಳ್ಳುತ್ತದೆ. ಹಳೆಯ ಕಲ್ನಾರಿನ ಹಗ್ಗ ಅಥವಾ ಹಾಳೆಯನ್ನು ಬಳಸಲೇಬಾರದು. ಅದರ ಎಳೆಗಳು ಶ್ವಾಸಕೋಶಕ್ಕೆ ಮಾರಕ.

ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸುವುದೂ ಸಲ್ಲದು. ಬಂಕಿನ ನೆಲದಡಿಯ ತೊಟ್ಟಿಯಿಂದ ಬಂದ 40 ಲೀಟರ್ ತಂಪು ಪೆಟ್ರೋಲು 20 ಡಿಗ್ರಿ ಹೆಚ್ಚು ಕಾದರೆ ಸುಮಾರು ಮುಕ್ಕಾಲು ಲೀಟರ್ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಅದು ಹೊರಚೆಲ್ಲುತ್ತದೆ. ಹಾಗೆಂದು ಟ್ಯಾಂಕು ತೀರ ಬರಿದಾಗಿಯೂ ಇರಬಾರದು, ಏಕೆಂದರೆ ಕಡಿಮೆ ಪೆಟ್ರೋಲು ಬೇಗ ಕಾಯುತ್ತದೆ.

ಎಥನಾಲ್ ಮಿಶ್ರಣ

2025ರ ವೇಳೆಗೆ ದೇಶದ ಬಂಕುಗಳಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಹಳೆಯ ಕಾರುಗಳ ರಬ್ಬರ್ ಕೊಳವೆ, ವಾಷರ್‌ಗಳು ಇದಕ್ಕಾಗಿ ತಯಾರಾದವಲ್ಲ. ಅವು ಉಬ್ಬಬಹುದು, ಬಿರುಕು ಬಿಡಬಹುದು. ಎಥನಾಲ್ ತೇವವನ್ನೂ ಹೀರುವುದರಿಂದ ಟ್ಯಾಂಕಿನ ಒಳಗೆ ತುಕ್ಕು ಏಳುತ್ತದೆ. ಶಾಖತಡೆ ಅಳವಡಿಸುವ ಸಂದರ್ಭದಲ್ಲಿಯೇ ಎಥನಾಲ್ ತಾಳುವ ಹೊಸ ಕೊಳವೆಗಳನ್ನು ಹಾಕಿಸುವುದು ಜಾಣತನ.

ಮೂಲರೂಪಕ್ಕೆ ಧಕ್ಕೆ ಬೇಡ

ಮಾರಿಸ್ ಆಕ್ಸ್‌ಫರ್ಡ್ ಆಧಾರದ ಮೇಲೆ ರೂಪುಗೊಂಡ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಉಳಿದಿರುವವುಗಳ ಮೌಲ್ಯ ಅವುಗಳ ಮೂಲರೂಪದಲ್ಲಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಗಣನೀಯ ಮಾರ್ಪಾಡಿಲ್ಲದ ವಾಹನಗಳು ‘ವಿಂಟೇಜ್’ ನೋಂದಣಿಗೆ ಅರ್ಹ. ಬೋಲ್ಟ್ ಬಿಚ್ಚಿದೊಡನೆ ಕಳಚಿ ಬರುವ ತಗಡಿನಿಂದ ಕಾರಿನ ಚಾಸಿಸ್ ಆಗಲಿ ಟ್ಯಾಂಕಾಗಲಿ ರೂಪ ಬದಲಿಸುವುದಿಲ್ಲ. ಹಳೆಯ ಕಾರನ್ನು ಅದರ ಮೂಲರೂಪದಲ್ಲಿಯೇ ಮುಂದಿನ ಪೀಳಿಗೆಗೆ ಒಪ್ಪಿಸಬೇಕೆನ್ನುವವರಿಗೆ ಇದೇ ತಕ್ಕ ಮಾರ್ಗ.